ನಾಯಕಿಯಾಗದ ಇಬ್ಬರು

1988ರ ಜನವರಿಯಲ್ಲಿ ದೂರದರ್ಶನದಲ್ಲಿ ‘ತಮಸ್’ ಶುರುವಾದಾಗ, ಹಾಸನ ಜಿಲ್ಲೆಯ ನಮ್ಮೂರಿನಲ್ಲಿ ಹಿಂದಿ ಸರಾಗವಾಗಿ ಬರುತ್ತಿದ್ದವರು ಹೈಸ್ಕೂಲಿನ ಹಿಂದಿ ಮೇಷ್ಟ್ರು ಮತ್ತು ಮಿಲಿಟರಿಯಿಂದ ರಿಟೈರಾಗಿ ಬಂದಿದ್ದ ಒಬ್ಬ ಸುಬೇದಾರರು ಮಾತ್ರ. ಉಳಿದ ನಾವೆಲ್ಲ ಮುಖ ನೋಡಿ ಕಥೆ ತಿಳಿದುಕೊಳ್ಳುತ್ತಿದ್ದೆವು. ದೇಶ ವಿಭಜನೆಯ ಗಲಭೆಯ ಕಥೆ ಅದು. ಪ್ರಸಾರ ನಿಲ್ಲಿಸಬೇಕೆಂದು ಕೋರ್ಟಿಗೆ ಹೋದವರಿದ್ದರು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳು ಕೂತು ನೋಡಿ, ತೋರಿಸಬಹುದು ಎಂದರು. ಸುಪ್ರೀಂ ಕೋರ್ಟ್ ಕೂಡ ತಡೆಯಲಿಲ್ಲ. ಇದೆಲ್ಲ ಪೇಪರಿನಲ್ಲಿ ಓದಿ ತಿಳಿದದ್ದು. ಟಿವಿ ಮುಂದೆ ಕೂತಾಗ ನಮ್ಮ ಪಾಲಿಗೆ ಇದ್ದದ್ದು ಮುಖಗಳು.

ಅವುಗಳಲ್ಲಿ ಒಂದು ಸುರೇಖಾ ಸಿಕ್ರಿ ಅವರದು. ಊರು ಬಿಟ್ಟು ಓಡಿಬಂದ ವಯಸ್ಸಾದ ಸಿಖ್ ದಂಪತಿ ಒಂದು ಮುಸ್ಲಿಂ ಮನೆಯ ಬಾಗಿಲು ತಟ್ಟುತ್ತಾರೆ. ಆ ಮನೆಯ ಹೆಂಗಸು ರಾಜೋ. ಮನೆಯ ಗಂಡಸರು ಗಲಭೆಗೆ ಹೋಗಿದ್ದಾರೆ, ವಾಪಸು ಬಂದು ಇವರನ್ನು ಕಂಡರೆ ಏನಾಗುತ್ತದೆಂದು ಅವಳಿಗೆ ಗೊತ್ತು. ಆದರೂ ಒಳಗೆ ಬಿಟ್ಟುಕೊಳ್ಳುತ್ತಾಳೆ, ಅಟ್ಟ ಹತ್ತಿಸುತ್ತಾಳೆ, ಯಾಕಾದರೂ ಬಿಟ್ಟುಕೊಂಡೆನೋ ಎಂದು ಸಿಡುಕುತ್ತಲೇ ಇರುತ್ತಾಳೆ. “ಇವಳಿಗೆ ಒಂಚೂರೂ ಇಷ್ಟ ಇಲ್ಲ, ಆದ್ರೂ ಬಿಟ್ಕೊಂಡ್ಳು ನೋಡು” ಅಂದರು ನಮ್ಮ ದೊಡ್ಡಮ್ಮ. ದೊಡ್ಡಮ್ಮನಿಗೆ ಹಿಂದಿಯ ಒಂದಕ್ಷರವೂ ಬರುತ್ತಿರಲಿಲ್ಲ. ಭಾಷೆ ಬಾರದವರೆದುರು ನಟಿಸುವುದು ಕಷ್ಟ. ಸಂಭಾಷಣೆ ಚೆನ್ನಾಗಿದೆ ಎಂಬ ರಿಯಾಯಿತಿಯನ್ನು ಅವರು ಕೊಡುವುದಿಲ್ಲ. ಸಿಕ್ರಿಗೆ ಅದರ ಅಗತ್ಯವೂ ಇರಲಿಲ್ಲ.

ಆಗ ಅವರಿಗೆ ನಲವತ್ತೆರಡು, ನಲವತ್ತಮೂರು ವಯಸ್ಸು. ನಾವು ಅಜ್ಜಿ ಎಂದೇ ತಿಳಿದಿದ್ದೆವು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಅಲ್ಲಿನ ರೆಪರ್ಟರಿಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವರು. ಇಬ್ರಾಹಿಂ ಅಲ್ಕಾಜಿ, ಅವರ ನಂತರ ನಮ್ಮ ಬಿ.ವಿ. ಕಾರಂತರು ಆ ಶಾಲೆಯ ಚುಕ್ಕಾಣಿ ಹಿಡಿದಿದ್ದ ಕಾಲ ಅದು. ರೆಪರ್ಟರಿಯಲ್ಲಿ ಇಪ್ಪತ್ತೈದರ ಹುಡುಗಿ ಎಪ್ಪತ್ತರ ಮುದುಕಿಯಾಗುವುದು ದಿನನಿತ್ಯದ ಕೆಲಸ, ಮಾರನೆಯ ವಾರ ಮತ್ತೆ ಹುಡುಗಿಯಾಗಬಹುದು. ಸಿನಿಮಾ ಆ ಸೌಲಭ್ಯ ಕೊಡುವುದಿಲ್ಲ. ಒಮ್ಮೆ ತಲೆಗೆ ಬಿಳಿ ಹಚ್ಚಿಕೊಂಡರೆ ಆಮೇಲೆ ಬರುವ ಫೋನುಗಳೆಲ್ಲ ಬಿಳಿ ತಲೆಗೇ.

‘ತಮಸ್’ ಟಿವಿಗೆಂದು ತಯಾರಾದದ್ದು. ಆದರೂ ಸಿನಿಮಾಗಳ ರಾಷ್ಟ್ರಪ್ರಶಸ್ತಿಯಲ್ಲಿ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಬಂತು, ಸಿಕ್ರಿ ಶ್ರೇಷ್ಠ ಪೋಷಕ ನಟಿಯಾದರು. ಆ ಸಿಖ್ ವೃದ್ಧನ ಪಾತ್ರ ಮಾಡಿದ್ದವರು ಕಾದಂಬರಿ ಬರೆದ ಭೀಷ್ಮ ಸಾಹನಿ. ಹದಿನಾಲ್ಕು ವರ್ಷದ ನಂತರ, 2002ರಲ್ಲಿ ಅಪರ್ಣಾ ಸೇನ್ ‘ಮಿಸ್ಟರ್ ಅಂಡ್ ಮಿಸೆಸ್ ಅಯ್ಯರ್’ ಮಾಡಿದಾಗ ಸಾಹನಿ ಮತ್ತು ಸಿಕ್ರಿ ಮತ್ತೆ ಜೊತೆಯಾದರು, ಈ ಸಲ ಬಸ್ಸಿನಲ್ಲಿ ಹೊರಟ ಮುಸ್ಲಿಂ ಮುದಿ ದಂಪತಿಯಾಗಿ. ಗಲಭೆಕೋರರು ಗಂಡನನ್ನು ಕೆಳಗಿಳಿಸಿ ಕರೆದೊಯ್ಯುತ್ತಾರೆ, ಹೆಂಡತಿ ಹಿಂದೆಯೇ ಇಳಿಯುತ್ತಾಳೆ. ತೆರೆಯ ಮೇಲೆ ಅವರಿಬ್ಬರೂ ಇರುವುದು ಸ್ವಲ್ಪ ಹೊತ್ತು. ಸಿನಿಮಾ ನೋಡಿದವರಿಗೆ ನಾಯಕ ನಾಯಕಿಯ ಮುಖದಷ್ಟೇ ಆ ಎರಡು ಮುಖಗಳೂ ನೆನಪಿರುತ್ತವೆ.

ಈ ಎರಡು ಪಾತ್ರಗಳ ನಡುವಿನ ಕಾಲದಲ್ಲಿ ಸಿಕ್ರಿ ಏನು ಮಾಡುತ್ತಿದ್ದರು? ಶ್ಯಾಮ್ ಬೆನೆಗಲ್ ಕರೆದಾಗಲೆಲ್ಲ ಹೋದರು. 1994ರ ‘ಮಮ್ಮೊ’ದಲ್ಲಿ ಪಾಕಿಸ್ತಾನದಿಂದ ಬಂದು ಇಲ್ಲೇ ಉಳಿಯಲು ಒದ್ದಾಡುವ ತಂಗಿಯಾಗಿ ಫರೀದಾ ಜಲಾಲ್, ಮುಂಬೈಯಲ್ಲಿ ಮೊಮ್ಮಗನನ್ನು ಸಾಕುತ್ತಿರುವ ಅಕ್ಕನಾಗಿ ಸಿಕ್ರಿ. ತಂಗಿ ಬಾಯಿಬಡುಕಿ, ಅಕ್ಕ ಮಾತು ನುಂಗುವವಳು. ನುಂಗುವವಳಿಗೆ ಎರಡನೆಯ ರಾಷ್ಟ್ರಪ್ರಶಸ್ತಿ ಬಂತು. ‘ಸರ್ದಾರಿ ಬೇಗಂ’, ‘ಜುಬೇದಾ’ ಬಂದವು. ಮಿಕ್ಕ ಸಮಯವೆಲ್ಲ ಧಾರಾವಾಹಿ. ಎರಡು ರಾಷ್ಟ್ರಪ್ರಶಸ್ತಿ ಪಡೆದ ನಟಿಗೆ ಸಿನಿಮಾರಂಗದಲ್ಲಿ ವರ್ಷಪೂರ್ತಿ ಕೆಲಸವಿರಲಿಲ್ಲ ಎಂದು ಇದನ್ನೇ ನೇರವಾಗಿ ಹೇಳಬಹುದು.

ನಾಯಕಿಯಾಗದ ಇನ್ನೊಬ್ಬರು ನೀನಾ ಗುಪ್ತಾ, ಅವರ ಹಾದಿ ಬೇರೆ. ಅವರು ದೆಹಲಿಯವರು, ಅದೇ ನಾಟಕ ಶಾಲೆಯವರು, ಸಿಕ್ರಿಗಿಂತ ಹದಿನಾಲ್ಕು ವರ್ಷ ಚಿಕ್ಕವರು. 1982ರ ‘ಗಾಂಧಿ’ಯಲ್ಲಿ ಬಾಪುವಿನ ಕೊನೆಯ ನಡಿಗೆಯಲ್ಲಿ ಪಕ್ಕದಲ್ಲಿರುವ ಆಭಾ ಅವರೇ. ಲೋಕವೆಲ್ಲ ನೋಡಿದ ಚಿತ್ರ, ಆ ಹುಡುಗಿ ಯಾರೆಂದು ಯಾರೂ ಕೇಳಲಿಲ್ಲ. ಅದೇ ವರ್ಷ ಬಂದ ‘ಸಾಥ್ ಸಾಥ್’ನಲ್ಲಿ ಕಾಲೇಜು ಗುಂಪಿನ ಬಾಯಾಳಿ ಹುಡುಗಿಯ ಪಾತ್ರ. ಜನ ನಕ್ಕರು, ಪಾತ್ರ ಹಿಟ್ ಆಯಿತು. ಆಗ ಗಿರೀಶ ಕಾರ್ನಾಡರು, ಇನ್ನು ನೀನು ಇಲ್ಲಿ ಹೀರೋಯಿನ್ ಆಗುವುದಿಲ್ಲ ಎಂಬರ್ಥದ ಮಾತು ಹೇಳಿದ್ದನ್ನು ನೀನಾ ಅವರೇ ಸಂದರ್ಶನಗಳಲ್ಲಿ ನೆನೆದಿದ್ದಾರೆ. ಕಾರ್ನಾಡರು ಕೆಟ್ಟದ್ದು ಬಯಸಿ ಆಡಿದ ಮಾತಲ್ಲ ಅದು. ಉದ್ಯಮ ಹೇಗೆ ನಡೆಯುತ್ತದೆಂಬುದನ್ನು ಒಳಗಿನಿಂದ ನೋಡಿದವರು ಇದ್ದದ್ದನ್ನು ಇದ್ದಹಾಗೆ ಹೇಳಿದರು. ಕಾರ್ನಾಡರೇ ನಿರ್ದೇಶಿಸಿದ ‘ಉತ್ಸವ್’ನಲ್ಲೂ ನೀನಾ ಇದ್ದಾರೆ, ವಸಂತಸೇನೆ ರೇಖಾ.

ಒಂದು ಹಾಸ್ಯಪಾತ್ರವನ್ನು ಚೆನ್ನಾಗಿ ಮಾಡಿದ್ದಕ್ಕೆ ಮುಂದಿನ ಬಾಗಿಲು ಮುಚ್ಚುತ್ತದೆ ಎನ್ನುವುದು ವಿಚಿತ್ರ ನ್ಯಾಯ. ಕನ್ನಡದವರಿಗೆ ಇದನ್ನು ವಿವರಿಸಬೇಕಿಲ್ಲ, ಉಮಾಶ್ರೀ ಇದ್ದಾರೆ. ‘ಒಡಲಾಳ’ದ ಸಾಕವ್ವನಾಗಿ ರಂಗದ ಮೇಲೆ ಅವರನ್ನು ಕಂಡವರು ಇಂದಿಗೂ ಆ ಮಾತು ಎತ್ತುತ್ತಾರೆ. ಸಿನಿಮಾ ಅದೇ ನಟಿಗೆ ವರ್ಷಗಟ್ಟಲೆ ಎನ್.ಎಸ್. ರಾವ್ ಜೊತೆಗಿನ ಡಬಲ್ ಮೀನಿಂಗ್ ಹಾಸ್ಯವನ್ನು ಕೊಟ್ಟಿತು. ಅವರು ಅದನ್ನೂ ಕೊರತೆಯಿಲ್ಲದೆ ಮಾಡಿದರು. ಇಂಥ ಪಾತ್ರ ಯಾಕೆ ಒಪ್ಪಿಕೊಳ್ಳುತ್ತಾರೋ ಎಂದು ಮೂಗು ಮುರಿದವರು, ಬೇರೆ ಯಾವ ಪಾತ್ರ ಅವರೆದುರು ಇತ್ತು ಎಂದು ಕೇಳಲಿಲ್ಲ. 2008ರಲ್ಲಿ ಗಿರೀಶ ಕಾಸರವಳ್ಳಿ ವೈದೇಹಿಯವರ ಕಥೆಯಿಂದ ‘ಗುಲಾಬಿ ಟಾಕೀಸ್’ ಮಾಡಿ ಮುಖ್ಯಪಾತ್ರ ಕೊಟ್ಟರು, ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಸೂಲಗಿತ್ತಿಯ ಮನೆಗೆ ಕಲರ್ ಟಿವಿ, ಡಿಶ್ ಆಂಟೆನಾ ಬಂದರೆ ಏನಾಗುತ್ತದೆಂಬುದು ಆ ಚಿತ್ರದ ಕಥೆ. 2021ರಿಂದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಅದೇ ಉಮಾಶ್ರೀ ಮೆಸ್ ನಡೆಸುವ ಪುಟ್ಟಕ್ಕನಾಗಿ ಇಡೀ ಕಥೆಯನ್ನು ಹೊತ್ತರು. ಸಿನಿಮಾ ಅಪರೂಪಕ್ಕೆ ಕೊಟ್ಟ ಜಾಗವನ್ನು ಟಿವಿ ದಿನವೂ ಕೊಟ್ಟಿತು.

ನೀನಾ ವಿಷಯದಲ್ಲೂ ಆ ಜಾಗ ಟಿವಿಯಲ್ಲೇ ಸಿಕ್ಕಿತು. 1985ರ ‘ಖಾಂದಾನ್’, ಆಮೇಲೆ ‘ಬುನಿಯಾದ್’, 1988ರಲ್ಲಿ ಗುಲ್ಜಾರ್ ಅವರ ‘ಮಿರ್ಜಾ ಗಾಲಿಬ್’. ಗಾಲಿಬ್‌ನಲ್ಲಿ ಕವಿಗೆ ಮನಸೋತ ಗಾಯಕಿ ನವಾಬ್ ಜಾನ್ ಪಾತ್ರ. ನಮ್ಮ ಮನೆಯಲ್ಲಿ ಉರ್ದು ಇನ್ನೂ ದೂರದ ಮಾತು; ಆದರೂ ನಸೀರುದ್ದೀನ್ ಶಾ ಎದುರು ಕೂತ ಈ ಹೆಂಗಸು ಕೇಳುತ್ತಿದ್ದ ರೀತಿಯಿಂದ ಅವನು ಏನೋ ದೊಡ್ಡದನ್ನು ಹೇಳಿದ್ದಾನೆಂದು ಗೊತ್ತಾಗುತ್ತಿತ್ತು. ಎದುರಿನವರ ಮಾತಿಗೆ ಕಿವಿಕೊಡುವುದೂ ನಟನೆಯೇ ಎಂದು ನಾನು ಕಲಿತದ್ದು ಅಲ್ಲಿ.

ಆಗಿನ ಧಾರಾವಾಹಿಯ ಲೆಕ್ಕಾಚಾರ ಇಂದಿನವರಿಗೆ ನಂಬುವುದು ಕಷ್ಟ. ವಾರಕ್ಕೊಂದು ಕಂತು. ಹದಿಮೂರು ಕಂತು, ಇಪ್ಪತ್ತಾರು, ಹೆಚ್ಚೆಂದರೆ ವರ್ಷ ಎರಡು ವರ್ಷ. ಕಥೆಗೆ ಕೊನೆ ಇರುತ್ತಿತ್ತು, ಬಹಳ ಸಲ ಕೊನೆ ಗೊತ್ತಾದ ಮೇಲೆಯೇ ಚಿತ್ರೀಕರಣ. ನಟಿಗೆ ತನ್ನ ಪಾತ್ರ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆ ಎಂಬ ಅಂದಾಜು ಇರುತ್ತಿತ್ತು. ಹೀರೋಯಿನ್, ವ್ಯಾಂಪ್, ತಾಯಿ, ಕಾಮಿಡಿ ಎಂದು ಹೆಂಗಸರನ್ನು ನಾಲ್ಕು ಡಬ್ಬಿಗೆ ಹಾಕಿಟ್ಟಿದ್ದ ಹಿಂದಿ ಸಿನಿಮಾದವರಿಗೆ ಹೋಲಿಸಿದರೆ, ಟಿವಿಯ ಬರಹಗಾರರು ಹೆಂಗಸರಿಗೆ ಕೆಲಸ, ಕೋಪ, ಜಂಭ, ಸುಳ್ಳು ಎಲ್ಲವನ್ನೂ ಬರೆದರು.

1993 ಮತ್ತು 94ನ್ನು ಜೊತೆಗಿಟ್ಟು ನೋಡಿದರೆ ನೀನಾ ಅವರ ಪರಿಸ್ಥಿತಿ ಪೂರ್ತಿ ಅರ್ಥವಾಗುತ್ತದೆ. ‘ಖಳನಾಯಕ್’ ಚಿತ್ರದ ಚೋಲಿ ಹಾಡಿನಲ್ಲಿ ಮಾಧುರಿ ದೀಕ್ಷಿತ್ ಜೊತೆ ಕುಣಿದರು. ಆ ಹಾಡಿನ ಮೇಲೆ ಕೇಸು, ಪ್ರತಿಭಟನೆ ಏನೆಲ್ಲ ಆದವು. ನಮ್ಮೂರಿನ ಮದುವೆ ವ್ಯಾನುಗಳಲ್ಲಿ ಮಾತ್ರ ಅದು ನಿಲ್ಲಲೇ ಇಲ್ಲ. ಅದೇ ಹೊತ್ತಿಗೆ ‘ವೋ ಛೋಕ್ರಿ’ಯಲ್ಲಿ ಪ್ರೇಮಿ ಬಿಟ್ಟುಹೋದ ಮೇಲೆ ಕುಸಿಯುತ್ತ ಹೋಗುವ ತಾಯಿಯ ಪಾತ್ರಕ್ಕೆ ಶ್ರೇಷ್ಠ ಪೋಷಕ ನಟಿ ರಾಷ್ಟ್ರಪ್ರಶಸ್ತಿ ಬಂತು. ತಾವೇ ನಿರ್ದೇಶಿಸಿದ ‘ಬಜಾರ್ ಸೀತಾರಾಮ್’ ಎಂಬ ಕಿರುಚಿತ್ರಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಊರಿಗೆಲ್ಲ ಗೊತ್ತಾದದ್ದು ಹಾಡು. ಉಳಿದೆರಡನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ, ನೋಡಲು ದಾರಿಯೂ ಇರಲಿಲ್ಲ. ದುಡ್ಡಿಗಾಗಿ ಕೆಟ್ಟ ಪಾತ್ರಗಳನ್ನೂ ಮಾಡಿದ್ದೇನೆ ಎಂದು ನೀನಾ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಒಬ್ಬಂಟಿಯಾಗಿ ಮಗಳನ್ನು ಸಾಕುತ್ತಿದ್ದ ಹೆಂಗಸಿಗೆ ತಿಂಗಳ ಖರ್ಚು ಪ್ರಶಸ್ತಿ ಫಲಕದಿಂದ ತೂಗುವುದಿಲ್ಲ.

ಪಾತ್ರ ಕೊಡುವವರಿಗಾಗಿ ಕಾಯುವುದನ್ನು ಬಿಟ್ಟು ಅವರು ಮಾಡಿದ್ದು ‘ಸಾಂಸ್’. 1998ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಬಂತು. ನಿರ್ದೇಶನ ಅವರದೇ, ಮುಖ್ಯಪಾತ್ರವೂ ಅವರದೇ. ಗಂಡ ಇನ್ನೊಬ್ಬಳ ಕಡೆ ಹೋಗುತ್ತಾನೆ, ಹೆಂಡತಿ ಪ್ರಿಯಾ ಮನೆ, ಮಕ್ಕಳು, ದುಡಿಮೆ ಎಲ್ಲವನ್ನೂ ಮತ್ತೆ ಹೊಂದಿಸಿಕೊಳ್ಳುತ್ತಾಳೆ. ಕಥೆ ಹೊಸದಲ್ಲ. ಹೊಸದು ಅದರ ದನಿ. ಪ್ರಿಯಾ ಕಿರುಚುವುದಿಲ್ಲ, ಶಪಿಸುವುದಿಲ್ಲ. ಗಂಡನ ಬಟ್ಟೆ ಮಡಿಸುತ್ತ ಅರ್ಧಕ್ಕೆ ಕೈ ನಿಲ್ಲಿಸುವಂಥ ನಟನೆ. ಕಂವಲ್‌ಜೀತ್ ಸಿಂಗ್ ಮಾಡಿದ ಗಂಡ ಕೂಡ ರಾಕ್ಷಸನಲ್ಲ, ಅದರಿಂದಾಗಿಯೇ ಅವನನ್ನು ದ್ವೇಷಿಸುವುದು ಕಷ್ಟವಾಗುತ್ತಿತ್ತು. ಆಗ ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದೆ. ಕೇಬಲ್ ಬಂದು ಕೆಲವು ವರ್ಷವಾಗಿತ್ತು. ನಮ್ಮ ಬೀದಿಯ ಹೆಂಗಸರು ಕನ್ನಡದ ‘ಮಾಯಾಮೃಗ’ ಧಾರಾವಾಹಿಯ ಬಗ್ಗೆ ಮಾತಾಡಿದಷ್ಟೇ ಇದರ ಬಗ್ಗೆಯೂ ಮಾತಾಡುತ್ತಿದ್ದರು.

ಆ ಕಾಲ ಬಹಳ ದಿನ ಉಳಿಯಲಿಲ್ಲ. 2000ನೇ ಇಸವಿಯ ಜುಲೈಯಲ್ಲಿ ಅದೇ ಚಾನೆಲಿನಲ್ಲಿ ‘ಕ್ಯೂಂಕಿ ಸಾಸ್ ಭಿ ಕಭಿ ಬಹು ಥಿ’ ಶುರುವಾಯಿತು. ದಿನವೂ ಕಂತು, ದಿನವೂ ಟಿಆರ್‌ಪಿಯ ಚಿಂತೆ. ದಿನಕ್ಕೆ ಇಪ್ಪತ್ತು ನಿಮಿಷದ ಸರಕು ಬೇಕೆಂದರೆ ಸಂಭಾಷಣೆ ಬೆಳಿಗ್ಗೆ ಸೆಟ್ಟಿಗೆ ಬರುತ್ತದೆ, ಮುಂದಿನ ಕಂತುಗಳು ಮುಂಚೆಯೇ ಸಿದ್ಧವಿಲ್ಲದಿದ್ದರೆ ರಾತ್ರಿ ಶಿಫ್ಟು ಶುರುವಾಗುತ್ತದೆ. ಒಂದು ಮಾತಿಗೆ ಮನೆಯವರೆಲ್ಲರ ರಿಯಾಕ್ಷನ್ ಶಾಟ್ ಇಟ್ಟರೆ ಕಂತು ತುಂಬುತ್ತದೆ. ಪಾತ್ರ ಮುಂದೆ ಏನಾಗುತ್ತದೆಂದು ನಟಿಗಿರಲಿ, ಬರೆಯುವವರಿಗೂ ಗೊತ್ತಿರುವುದಿಲ್ಲ. ‘ಸಾಂಸ್’ ಮಾಡಿದ ನೀನಾ ಈ ಲೆಕ್ಕದೊಳಗೆ ಕೂರಲಿಲ್ಲ. ‘ಕಮ್ಜೋರ್ ಕಡೀ ಕೌನ್’ ಎಂಬ ಕ್ವಿಜ್ ನಡೆಸಿಕೊಟ್ಟರು. ಆಮೇಲೆ ಹದಿನೈದು ವರ್ಷ ಅವರು ಕಣ್ಣಿಗೆ ಬಿದ್ದದ್ದು ಅಲ್ಲೊಂದು ಇಲ್ಲೊಂದು.

ಸಿಕ್ರಿ ಅದೇ ವ್ಯವಸ್ಥೆಯ ಒಳಹೊಕ್ಕು ಗೆದ್ದರು. 2008ರ ಜುಲೈಯಲ್ಲಿ ಕಲರ್ಸ್ ಚಾನೆಲ್ ಜೊತೆಗೇ ಹುಟ್ಟಿದ ‘ಬಾಲಿಕಾ ವಧು’ವಿನಲ್ಲಿ ಅವರು ದಾದಿಸಾ ಕಲ್ಯಾಣಿ ದೇವಿ. ಮನೆಮಂದಿಯನ್ನೆಲ್ಲ ನಡುಗಿಸುವ ರಾಜಸ್ಥಾನಿ ಅಜ್ಜಿ. ದಿನದ ಧಾರಾವಾಹಿಯ ಕ್ಯಾಮೆರಾ ಮುಖದ ಮೇಲೆ ಮೂರು ಸಲ ಅಪ್ಪಳಿಸುತ್ತದಲ್ಲ, ಅಂಥಲ್ಲೂ ಸಿಕ್ರಿ ಹುಬ್ಬನ್ನು ಎಷ್ಟು ಎತ್ತಬೇಕೋ ಅಷ್ಟೇ ಎತ್ತುತ್ತಿದ್ದರು. ಕ್ರೂರಿಯನ್ನು ವರ್ಷಗಳ ಉದ್ದಕ್ಕೆ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿ, ಕೊನೆಗೆ ಮೊಮ್ಮಗನ ಹೆಂಡತಿಯ ಪರ ನಿಲ್ಲುವ ಅಜ್ಜಿಯನ್ನಾಗಿಸಿದರು. ಆ ಧಾರಾವಾಹಿ 2016ರವರೆಗೆ ನಡೆಯಿತು. ಡಬ್ಬಿಂಗ್‌ಗೆ ಬಾಗಿಲು ಮುಚ್ಚಿದ್ದ ಕಾಲವಾದ್ದರಿಂದ ಕನ್ನಡಕ್ಕೆ ಅದು ‘ಪುಟ್ಟಗೌರಿ ಮದುವೆ’ಯಾಗಿ ಹೊಸದಾಗಿ ತಯಾರಾಗಿ ಬಂತು. ಚಂದ್ರಕಲಾ ಮೋಹನ್ ಅಜ್ಜಮ್ಮನಾದರು. ಕನ್ನಡದ ಅಜ್ಜಮ್ಮ ಹಿಂದಿಯ ದಾದಿಸಾಳ ನಕಲಾಗದೆ ನಮ್ಮದೇ ಊರ ಗೌಡತಿಯಂತೆ ನಿಂತದ್ದು ಚಂದ್ರಕಲಾ ಅವರ ಹೆಚ್ಚುಗಾರಿಕೆ. ಆದರೆ ಒಂದು ಲೆಕ್ಕ ಎರಡೂ ಕಡೆ ಒಂದೇ. ನಾಲ್ಕು ಗೋಡೆಯೊಳಗಿನ ಅಜ್ಜಿ ಟಿವಿಯಲ್ಲಿ ಕಥೆಯ ಕೇಂದ್ರ, ಸಿನಿಮಾದಲ್ಲಿ ಎರಡು ದಿನದ ಕಾಲ್‌ಶೀಟು.

2017ರ ಜುಲೈಯಲ್ಲಿ ನೀನಾ ಇನ್‌ಸ್ಟಾಗ್ರಾಂನಲ್ಲಿ ನಾಲ್ಕು ಸಾಲು ಹಾಕಿದರು. ಮುಂಬೈಯಲ್ಲಿ ಇದ್ದೇನೆ, ಕೆಲಸ ಮಾಡುತ್ತಿದ್ದೇನೆ, ಒಳ್ಳೆಯ ನಟಿ, ಒಳ್ಳೆಯ ಪಾತ್ರ ಹುಡುಕುತ್ತಿದ್ದೇನೆ ಎಂದು. ಎರಡು ರಾಷ್ಟ್ರಪ್ರಶಸ್ತಿ ಪಡೆದವರು ಹೀಗೆ ಕೇಳಬೇಕೇ ಎಂದು ಹಲವರು ಮರುಗಿದರು. ನನಗೆ ಅದರಲ್ಲಿ ಮರುಗುವಂಥದ್ದು ಕಾಣಲಿಲ್ಲ. ಬಡಗಿ, ಟೈಲರು, ವಕೀಲರು ಎಲ್ಲರೂ ಬೋರ್ಡು ಹಾಕಿಕೊಳ್ಳುತ್ತಾರೆ, ನಟಿಯೂ ಹಾಕಿಕೊಂಡರು. ಕೆಲಸ ಬಂತು. ಅನುಭವ್ ಸಿನ್ಹಾ ‘ಮುಲ್ಕ್’ಗೆ ಕರೆದರು. ಅದರ ಬೆನ್ನಿಗೇ 2018ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು ‘ಬಧಾಯಿ ಹೋ’.

ಆ ಸಿನಿಮಾದ ಪೋಸ್ಟರಿನಲ್ಲಿ ದೊಡ್ಡದಾಗಿ ಕಾಣುವುದು ಆಯುಷ್ಮಾನ್ ಖುರಾನಾ. ಸಿನಿಮಾ ನಡೆಯುವುದು ಟಿವಿಯಿಂದ ಬಂದ ಇಬ್ಬರು ಹೆಂಗಸರ ನಡುವೆ. ಮದುವೆ ವಯಸ್ಸಿನ ಮಗನಿರುವ ಪ್ರಿಯಂವದಾ ಮತ್ತೆ ಬಸುರಿಯಾಗುತ್ತಾಳೆ. ಅದು ನೀನಾ. ಸೊಸೆಯನ್ನು ಏಳುತ್ತ ಕೂರುತ್ತ ಆಡಿಕೊಳ್ಳುವ ಅತ್ತೆ ಸಿಕ್ರಿ. ನೆಂಟರ ಮದುವೆಗೆಂದು ಮೀರತ್‌ಗೆ ಹೋದಾಗ ಓರಗಿತ್ತಿ, ನಾದಿನಿ ಸೇರಿಕೊಂಡು ಸಂಸ್ಕಾರದ ಪಾಠ ಹೇಳುತ್ತಾರೆ. ಅಲ್ಲಿಯವರೆಗೆ ತಾನೇ ಮೊದಲಾಗಿ ಬೈಯುತ್ತಿದ್ದ ಮುದುಕಿ ಅವರ ಮೇಲೆ ತಿರುಗಿಬೀಳುತ್ತಾಳೆ: ನಾನು ಹಾಸಿಗೆ ಹಿಡಿದಾಗ ನೋಡಿಕೊಂಡವಳು ಇವಳು, ನೀವೆಲ್ಲಿದ್ದಿರಿ ಎಂಬ ಧಾಟಿಯಲ್ಲಿ. ಚಪ್ಪಾಳೆ ಬೀಳುವುದು ಸಿಕ್ರಿಗೆ, ಬೀಳಲೇಬೇಕು. ಎರಡನೆಯ ಸಲ ನೋಡುವಾಗ ನೀನಾ ಅವರನ್ನು ಗಮನಿಸಿ. ಕೃತಜ್ಞತೆ ತೋರಿಸುವುದಿಲ್ಲ, ಅಳುವುದಕ್ಕೂ ಹೋಗುವುದಿಲ್ಲ. ಇಷ್ಟು ವರ್ಷ ಬೈಸಿಕೊಂಡವಳಿಗೆ ಇದ್ದಕ್ಕಿದ್ದಂತೆ ಯಾರೋ ಪರವಹಿಸಿದರೆ ಆಗುವ ಮುಜುಗರ ಆ ಮುಖದಲ್ಲಿದೆ. ‘ಗಾಲಿಬ್’ನಲ್ಲಿ ಕೂತು ಕೇಳುತ್ತಿದ್ದ ಅದೇ ನಟಿ.

ಸಿಕ್ರಿಗೆ ಮೂರನೆಯ ರಾಷ್ಟ್ರಪ್ರಶಸ್ತಿ ಬಂತು. 2019ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪ್ರದಾನ. ಹಿಂದಿನ ವರ್ಷ ಪಾರ್ಶ್ವವಾಯು ಆಗಿದ್ದರಿಂದ ಗಾಲಿಕುರ್ಚಿಯಲ್ಲಿ ಬಂದು ತೆಗೆದುಕೊಂಡರು, ಸಭೆ ಎದ್ದುನಿಂತಿತು. ಕನ್ನಡಕ್ಕೆ ‘ನಾತಿಚರಾಮಿ’ ಹಲವು ಪ್ರಶಸ್ತಿ ತಂದ ವರ್ಷವೂ ಅದೇ. ‘ತಮಸ್’ಗೆ ಬಂದಿದ್ದ ನರ್ಗಿಸ್ ದತ್ ಪ್ರಶಸ್ತಿ ಆ ಸಲ ನಮ್ಮ ‘ಒಂದಲ್ಲಾ ಎರಡಲ್ಲಾ’ಕ್ಕೆ ಬಂತು. ಮೂರೂ ಸಲ ಸಿಕ್ರಿ ಗೆದ್ದದ್ದು ಪೋಷಕ ನಟಿಯಾಗಿಯೇ. ಅವರನ್ನು ಮುಖ್ಯಪಾತ್ರವಾಗಿಟ್ಟು ಬರೆದು ದೇಶವೆಲ್ಲ ನೋಡುವಂತೆ ಮಾಡಿದ ಚಿತ್ರ ಬರಲೇ ಇಲ್ಲ.

ನೀನಾ ಅವರಿಗೆ ಆಮೇಲೆ ಬಿಡುವಿಲ್ಲ. 2020ರಲ್ಲಿ ಬಂದ ‘ಪಂಚಾಯತ್’ ವೆಬ್ ಸರಣಿಯಲ್ಲಿ ಹೆಸರಿಗೆ ಊರ ಪಂಚಾಯಿತಿಯ ಅಧ್ಯಕ್ಷೆಯಾಗಿ, ಅಧಿಕಾರ ಗಂಡನ ಕೈಯಲ್ಲಿರುವ ಮಂಜು ದೇವಿ. ಗಂಡ ರಘುವೀರ್ ಯಾದವ್, ದೂರದರ್ಶನ ಕಾಲದ ‘ಮುಂಗೇರಿಲಾಲ್’. ಕನ್ನಡದ ಯಾವ ಗ್ರಾಮ ಪಂಚಾಯಿತಿಯಲ್ಲೂ ಕಾಣಸಿಗುವ ದಂಪತಿ. ‘ಊಂಚಾಯಿ’ಗೆ ಮತ್ತೊಂದು ಪೋಷಕ ನಟಿ ರಾಷ್ಟ್ರಪ್ರಶಸ್ತಿ 2024ರಲ್ಲಿ ಘೋಷಣೆಯಾಯಿತು, ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿ ಶ್ರೇಷ್ಠ ನಟರಾದ ಪಟ್ಟಿಯಲ್ಲೇ. ನನ್ನ ಅಕ್ಕನ ಮಗಳು ‘ಪಂಚಾಯತ್’ ನೋಡುವುದು ಫೋನಿನಲ್ಲಿ, ಕೆಳಗೆ ಸಬ್‌ಟೈಟಲ್ ಹಾಕಿಕೊಂಡು. ಹಿಂದಿ ಅವಳಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ, ಕಥೆಯ ಒಂದು ಎಳೆಯೂ ತಪ್ಪುವುದಿಲ್ಲ. ಕಣ್ಣು ಮಾತ್ರ ಅಕ್ಷರದ ಸಾಲಿನ ಮೇಲೇ ಇರುತ್ತದೆ. ಒಂದು ದೃಶ್ಯದಲ್ಲಿ ಮಂಜು ದೇವಿಯ ಮುಖ ಹೇಗಿತ್ತೆಂದು ಕೇಳಿದರೆ ಮತ್ತೆ ಹಿಂದಕ್ಕೆ ಓಡಿಸಿ ನೋಡಬೇಕಾಗುತ್ತದೆ. ಓಡಿಸಿ ನೋಡುವ ಅನುಕೂಲವಾದರೂ ಅವಳಿಗಿದೆ, ನಮಗದು ಇರಲಿಲ್ಲ.

ನೀನಾ ಅವರ ಎರಡನೆಯ ಇನಿಂಗ್ಸ್ ಎಂದು ಪತ್ರಿಕೆಗಳು ಸಂಭ್ರಮಿಸುತ್ತವೆ. ಅರವತ್ತರ ಹತ್ತಿರ ಬಂದ ಕೆಲಸ ಸಂತೋಷದ್ದೇ. ಮೂವತ್ತೈದರಿಂದ ಐವತ್ತೆಂಟರವರೆಗೆ ಅವರು ಮಾಡಬಹುದಾಗಿದ್ದ ಪಾತ್ರಗಳನ್ನು ಯಾವ ಇನಿಂಗ್ಸೂ ವಾಪಸು ತರುವುದಿಲ್ಲ ಎನ್ನುವುದನ್ನೂ ಜೊತೆಗೇ ಬರೆಯಬೇಕು. ಸಿಕ್ರಿ ಆರಿಸಿ ಆರಿಸಿ ಮಾಡಿದರು, ನೀನಾ ಬಂದದ್ದನ್ನೆಲ್ಲ ಮಾಡಿದರು ಎಂದು ಇಬ್ಬರನ್ನೂ ಎದುರುಬದುರು ನಿಲ್ಲಿಸಿ ತೀರ್ಪು ಕೊಡುವವರಿದ್ದಾರೆ. ಹಾಗೆ ಮಾಡಿದವರು, ಹೀಗೆ ಮಾಡಿದವರು ಇಬ್ಬರೂ ಬಂದು ಸೇರಿದ್ದು ಒಂದೇ ಸಿನಿಮಾದ ಒಂದೇ ಅಡುಗೆಮನೆಗೆ. ಹಾಗಾದರೆ ವ್ಯತ್ಯಾಸ ಇದ್ದದ್ದು ಅವರ ಆಯ್ಕೆಯಲ್ಲಲ್ಲ, ಬರೆಯುವವರು ಮತ್ತು ದುಡ್ಡು ಹಾಕುವವರು ಆ ಒಂದು ಕಥೆಯನ್ನು ಯೋಚಿಸಲು ತೆಗೆದುಕೊಂಡ ಕಾಲದಲ್ಲಿ.

2020ರಲ್ಲಿ ಕೊರೊನಾ ಬಂದಾಗ, ಅರವತ್ತೈದು ದಾಟಿದವರು ಶೂಟಿಂಗಿಗೆ ಹೋಗಬಾರದೆಂದು ಮಹಾರಾಷ್ಟ್ರ ಸರ್ಕಾರ ನಿಯಮ ಮಾಡಿತು. ಸಿಕ್ರಿಗೆ ಎಪ್ಪತ್ತೈದು. ದುಡ್ಡಿಗಾಗಿ ಕೈಚಾಚುತ್ತಿಲ್ಲ, ನನಗೆ ಕೆಲಸ ಬೇಕು ಎಂದು ಪತ್ರಿಕೆಯವರಿಗೆ ಖಡಾಖಂಡಿತವಾಗಿ ಹೇಳಿದರು. ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟು ಆ ನಿಯಮವನ್ನು ತಳ್ಳಿಹಾಕಿತು. ಸೆಪ್ಟೆಂಬರಿನಲ್ಲಿ ಅವರಿಗೆ ಮತ್ತೊಮ್ಮೆ ಪಾರ್ಶ್ವವಾಯು ಆಯಿತು. 2021ರ ಜುಲೈ 16ರಂದು ತೀರಿಕೊಂಡರು. ಮಾರನೆಯ ದಿನದ ಪೇಪರುಗಳಲ್ಲಿ ಅವರ ಅಪಾರ ಪ್ರತಿಭೆಯ ಬಗ್ಗೆ ದೊಡ್ಡವರೆಲ್ಲ ಬರೆದಿದ್ದರು. ಅವರಲ್ಲಿ ಸಿನಿಮಾ ಮಾಡುವವರು ಹಲವರಿದ್ದರು, ಸಿಕ್ರಿಗಾಗಿ ಒಂದೊಂದು ಪಾತ್ರ ಬರೆಸುವ ಶಕ್ತಿ ಅವರೆಲ್ಲರಿಗೂ ಇತ್ತು.